ಬಹುರಾಷ್ಟ್ರೀಯ ಉದ್ಯಮಗಳ ಅಂಗಸಂಸ್ಥೆಗಳಲ್ಲಿ ನಾವೀನ್ಯ

ಒಂದು ದೇಶದಲ್ಲಿ ಮೂಲಸ್ಥಾನವನ್ನೂ ಆಡಳಿತಾಧಿಕಾರವನ್ನೂ ಇರಿಸಿಕೊಂಡು, ಅನ್ಯದೇಶಗಳಲ್ಲಿ ಕಾರ್ಖಾನೆ, ಮಾರಾಟದ ಕಚೇರಿ, ಪ್ರಯೋಗಾಲಯ ಮೊದಲಾದವುಗಳನ್ನು ಸ್ವಂತ ಒಡೆತನದಲ್ಲಿ ನಡೆಸುವ ಉದ್ಯಮಕ್ಕೆ ಬಹುರಾಷ್ಟ್ರೀಯ ಸಂಸ್ಥೆಯೆಂದೂ, ಅನ್ಯದೇಶದ ಕಾನೂನಿಗೆ ಅನುಸಾರವಾಗಿ ನೋಂದಣಿಯಾಗಿ ಅದರ ಹತೋಟಿಯಲ್ಲಿ ನಡೆಯುವ ಘಟಕಕ್ಕೆ ಅಂಗಸಂಸ್ಥೆಯೆಂದೂ ಹೆಸರು. ಹೊಸ ಪದಾರ್ಥ, ಹೊಸ ಉತ್ಪಾದನಾಕ್ರಮ, ಹೊಸ ವ್ಯಾಪಾರಪದ್ಧತಿ ಇವುಗಳಲ್ಲಿ ಯಾವುದಾದರೊಂದು ಇಂಥ ಅಂಗಸಂಸ್ಥೆಯ ಒಳಗೆ ಹುಟ್ಟಿ, ಮೊದಲು ತಾನಿರುವ ನೆಲದಲ್ಲಿ ಉಪಯೋಗಕ್ಕೆ ಬಂದು, ತರುವಾಯ ಮಾತೃಸಂಸ್ಥೆಯ ಇತರ ಅಂಗಗಳಿಗೂ ಹಬ್ಬುವ ಪ್ರಕ್ರಿಯೆಯೇ ಪ್ರಸ್ತುತ ಲೇಖನದ ವಿಷಯ. ಇದನ್ನು ಕುರಿತು ಕಳೆದ ಅರ್ಧಶತಮಾನದಲ್ಲಿ ಬೆಳೆದಿರುವ ವಾಙ್ಮಯ ವಿಪುಲವಾದುದು. ಅದರಲ್ಲಿ ಬಹುಭಾಗ ಪ್ರಧಾನ ಕಚೇರಿಯಲ್ಲಿ ಕುಳಿತವರಿಗೆ ನೀಡಿದ ಉಪದೇಶವಾಗಿದೆ. ಆದರೆ ದೃಷ್ಟಾಂತಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಅಂಗಸಂಸ್ಥೆಗಳ ಅತ್ಯುತ್ತಮ ಸೃಷ್ಟಿಗಳಲ್ಲಿ ಹಲವು ಪ್ರಧಾನ ಕಚೇರಿಯ ಅಪ್ಪಣೆಯಿಂದ ಹುಟ್ಟಿದವಲ್ಲವೆಂದೂ, ಕೆಲವು ಅದರ ಅನಾಸಕ್ತಿಯ ನಡುವೆಯೇ ಬೆಳೆದವೆಂದೂ ಕಂಡುಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಅಮೆರಿಕದ ಸಿಂಗರ್ ಸಂಸ್ಥೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಹೊಲಿಗೆ ಯಂತ್ರಗಳ ಬೃಹತ್ ಕಾರ್ಖಾನೆಯನ್ನು 1885ರಲ್ಲಿ ತೆರೆದಾಗ, ಅಲ್ಲಿ ಹೊಸದೇನನ್ನಾದರೂ ಕಂಡುಹಿಡಿಯಬೇಕೆಂಬ ಅಪೇಕ್ಷೆ ಯಾರಿಗೂ ಇರಲಿಲ್ಲ. ಮೂಲದ ಮಾದರಿಯನ್ನು ತಪ್ಪಿಲ್ಲದೆ ತಯಾರಿಸುವುದಷ್ಟೇ ಶಾಖೆಯ ಧರ್ಮವಾಗಿತ್ತು. ಈ ಭಾವನೆಗೆ ಶಾಸ್ತ್ರೀಯ ರೂಪ ಕೊಟ್ಟವನು ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ರೇಮಂಡ್ ವರ್ನನ್. ಅವನು 1966ರಲ್ಲಿ ಪ್ರತಿಪಾದಿಸಿದ ಉತ್ಪನ್ನಚಕ್ರ ಸಿದ್ಧಾಂತದ ಪ್ರಕಾರ, ಆದಾಯವೂ ಕೂಲಿಯೂ ಅಧಿಕವಾಗಿರುವ ಅಮೆರಿಕದಂಥ ದೇಶದಲ್ಲಿ ಹೊಸ ವಸ್ತು ಹುಟ್ಟಿ, ಅದರ ತಯಾರಿಕೆಯ ರಹಸ್ಯಗಳೆಲ್ಲ ಇತ್ಯರ್ಥವಾದ ಮೇಲೆ ಯೂರೋಪಿಗೂ, ಕಟ್ಟಕಡೆಗೆ ಬಡದೇಶಗಳಿಗೂ ಸಾಗುತ್ತದೆ. ಈ ಚಿತ್ರದಲ್ಲಿ ಅಂಗಸಂಸ್ಥೆಯೆಂದರೆ ತಂತ್ರವಿದ್ಯೆ ಹಳತಾದ ಮೇಲೆ ಬಂದು ಸೇರುವ ಠಾವು. ಯೂರೋಪು ಮತ್ತು ಜಪಾನುಗಳ ಆದಾಯ ಏರಿ, ಸಂಸ್ಥೆಗಳ ಜಾಲ ಜಗದ್ವ್ಯಾಪಿಯಾದ ಮೇಲೆ ತನ್ನ ಸಿದ್ಧಾಂತದ ಬಲ ಕುಗ್ಗಿತೆಂದು ವರ್ನನ್ನನೇ 1979ರಲ್ಲಿ ಒಪ್ಪಿಕೊಂಡದ್ದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಆದಾಗ್ಯೂ ಅನೇಕ ಪ್ರಧಾನ ಕಚೇರಿಗಳ ಮನಸ್ಸು ಇಂದಿಗೂ 1966ರಲ್ಲಿಯೇ ನಿಂತಿರುವಂತೆ ತೋರುತ್ತದೆ.

ವಸ್ತುಸ್ಥಿತಿಯಾದರೋ ಸಿದ್ಧಾಂತವನ್ನು ಮೊದಲಿನಿಂದಲೇ ಮೀರಿತ್ತು. ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ 1891ರಲ್ಲಿ ಸ್ಥಾಪಿತವಾದ ಫಿಲಿಪ್ಸ್ ಸಂಸ್ಥೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಹಾಲೆಂಡನ್ನು ಆಕ್ರಮಿಸಿದಾಗ ಸಂಸ್ಥೆಯ ಮುಖ್ಯಸ್ಥರಲ್ಲಿ ಹಲವರು ದೇಶವನ್ನು ಬಿಟ್ಟು ಹೋಗಬೇಕಾಯಿತು. ಮೂಲದೊಡನೆ ಸಂಪರ್ಕ ಕಡಿದುಹೋದ ಅನ್ಯದೇಶಗಳ ಶಾಖೆಗಳು ತಮ್ಮ ಬಲದಿಂದಲೇ ಬಾಳುವುದನ್ನು ಕಲಿತವು. ಯುದ್ಧ ಮುಗಿದ ಮೇಲೆಯೂ ಆ ಸ್ವಾತಂತ್ರ್ಯ ಉಳಿಯಿತು. ಅದರ ಫಲವಾಗಿ ಫಿಲಿಪ್ಸಿನ ಮೊದಲ ವರ್ಣ ದೂರದರ್ಶನ ಯಂತ್ರವನ್ನು ಕೆನಡಾದ ಶಾಖೆಯೂ, ಎರಡು ದನಿಮಾರ್ಗಗಳುಳ್ಳ ಮೊದಲ ಯಂತ್ರವನ್ನು ಆಸ್ಟ್ರೇಲಿಯದ ಶಾಖೆಯೂ, ಪರದೆಯ ಮೇಲೆ ವಾರ್ತಾಕ್ಷರಗಳನ್ನು ತೋರಿಸುವ ಟೆಲಿಟೆಕ್ಸ್ಟ್ ಯಂತ್ರವನ್ನು ಬ್ರಿಟನ್ನಿನ ಶಾಖೆಯೂ ನಿರ್ಮಿಸಿದವು. ಕೆನಡಾದ ಪ್ರೇಕ್ಷಕನ ಕಣ್ಣು ನೆರೆಯ ಅಮೆರಿಕದ ವರ್ಣಪ್ರಸಾರದ ಮೇಲೆ ಇತ್ತು. ಬ್ರಿಟನ್ನಿನಲ್ಲಿ ಟೆಲಿಟೆಕ್ಸ್ಟ್ ಪ್ರಸಾರವೇ ಆರಂಭವಾಗಿತ್ತು. ಅಗತ್ಯ ಮೊದಲು ತಲೆದೋರಿದ ಸ್ಥಳದಲ್ಲಿಯೇ ಪರಿಹಾರವೂ ಮೊದಲು ಹುಟ್ಟಿತು.

ಇದೇ ಸ್ವಾತಂತ್ರ್ಯದ ಇನ್ನೊಂದು ಮುಖವನ್ನೂ ಫಿಲಿಪ್ಸ್ ಕಾಣಬೇಕಾಯಿತು. 1979ರಲ್ಲಿ ಅದು ಗ್ರುಂಡಿಗ್ ಸಂಸ್ಥೆಯೊಡನೆ ಸೇರಿ ವಿ-2000 ಎಂಬ ವೀಡಿಯೊ ಮುದ್ರಣಯಂತ್ರವನ್ನು ಹೊರತಂದಾಗ, ಅದರ ಉತ್ತರ ಅಮೆರಿಕದ ಶಾಖೆ ಸ್ವಗೃಹದ ಯಂತ್ರವನ್ನು ಮಾರಲು ಒಪ್ಪದೆ, ಜಪಾನಿನ ಮತ್ಸುಷಿತ ಸಂಸ್ಥೆ ತಯಾರಿಸಿದ ವಿ.ಎಚ್.ಎಸ್. ಯಂತ್ರಗಳನ್ನು ಕೊಂಡು ತನ್ನ ಹೆಸರಿನಲ್ಲಿ ಮಾರಿತು. ಜಗತ್ತಿನ ಅತಿದೊಡ್ಡ ಪೇಟೆಯನ್ನು ಕಳೆದುಕೊಂಡ ವಿ-2000 ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಅಮೆರಿಕದ ಶಾಖೆಯ ನಿರ್ಣಯ ವ್ಯಾಪಾರದೃಷ್ಟಿಯಿಂದ ತಪ್ಪೆಂದು ಹೇಳಲಾಗದು; ಗ್ರಾಹಕರು ವಿ.ಎಚ್.ಎಸ್. ಅನ್ನೇ ಬಯಸುತ್ತಿದ್ದರು. ಆದರೆ ಒಂದು ಅಂಗಕ್ಕೆ ಹಿತವಾದುದು ಸಮಗ್ರ ಶರೀರಕ್ಕೆ ಹಿತವಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಈ ಪ್ರಸಂಗವನ್ನು ವ್ಯವಸ್ಥಾಪನಶಾಸ್ತ್ರದ ಗ್ರಂಥಗಳು ತಪ್ಪದೆ ಉದಾಹರಿಸುತ್ತವೆ.

ವಿದ್ವಾಂಸರ ಗಮನ ಈ ಕಡೆಗೆ ತಿರುಗಿದ್ದು ಕ್ರಮಕ್ರಮವಾಗಿ. ಹೋವರ್ಡ್ ಪರ್ಲ್‌ಮಟರ್ 1969ರಲ್ಲಿ ಸಂಸ್ಥೆಗಳ ಮನೋಧರ್ಮವನ್ನು ಸ್ವದೇಶಕೇಂದ್ರಿತ, ಬಹುಕೇಂದ್ರಿತ, ಜಗತ್ಕೇಂದ್ರಿತ ಎಂದು ವಿಭಾಗಿಸಿದನು. ಸ್ವೀಡನ್ನಿನ ಗುನ್ನಾರ್ ಹೆಡ್‌ಲಂಡ್ 1986ರಲ್ಲಿ, ಒಂದೇ ಶಿಖರವುಳ್ಳ ಶ್ರೇಣಿಗೆ ಬದಲಾಗಿ ಹಲವು ಕೇಂದ್ರಗಳು ಒಂದೊಂದು ವಿಷಯದಲ್ಲಿ ಮುಂದಾಳಾಗಿರುವ ವ್ಯವಸ್ಥೆಯನ್ನು ಕಲ್ಪಿಸಿದನು. ಎಲ್ಲಕ್ಕಿಂತ ಹೆಚ್ಚಿನ ಪ್ರಭಾವ ಬೀರಿದ್ದು ಕ್ರಿಸ್ಟೊಫರ್ ಬಾರ್ಟ್ಲೆಟ್ ಮತ್ತು ಭಾರತೀಯನಾದ ಸುಮಂತ್ರ ಘೋಷಾಲ್ ಇವರು ಕೂಡಿ ಬರೆದ ಲೇಖನಗಳು ಹಾಗೂ 1989ರ ಗ್ರಂಥ. ನಾವೀನ್ಯವನ್ನು ಸೃಷ್ಟಿಸುವುದು, ಅನ್ಯರ ನಾವೀನ್ಯವನ್ನು ಅಂಗೀಕರಿಸುವುದು, ತನ್ನದನ್ನು ಅನ್ಯರಿಗೆ ಹಬ್ಬಿಸುವುದು ಇವು ಮೂರೂ ಭಿನ್ನ ಸಾಮರ್ಥ್ಯಗಳು ಎಂಬ ಅವರ ವಿಶ್ಲೇಷಣೆ ಇಂದಿಗೂ ಉಪಯುಕ್ತ. ಕೈಯಲ್ಲಿ ಸ್ವಲ್ಪ ಹೆಚ್ಚುವರಿ ಹಣವೂ ಜನವೂ ಇದ್ದು, ಯಾರನ್ನೂ ಕೇಳದೆ ನಿರ್ಧರಿಸುವ ಅಧಿಕಾರವಿರುವ ಶಾಖೆ ಸೃಷ್ಟಿಯಲ್ಲಿ ಮುಂದಿರಬಹುದು. ಆದರೆ ಅದೇ ಶಾಖೆ ಅನ್ಯರು ಕಂಡುಹಿಡಿದುದನ್ನು ಸ್ವೀಕರಿಸುವಲ್ಲಿ ಹಟಮಾರಿಯಾಗುವುದುಂಟು. ಈ ವಿರೋಧವನ್ನು ಶಮನಗೊಳಿಸಲು ಅವರು ಸೂಚಿಸಿದ ಉಪಾಯ ನಿಯಮಾವಳಿಯದಲ್ಲ, ಸಂಪರ್ಕದ್ದು: ಶಾಖೆ ಶಾಖೆಗಳ ನಡುವೆ ಜನರು ಓಡಾಡಿ, ಒಬ್ಬರ ಊಟದ ಮೇಜಿನಲ್ಲಿ ಇನ್ನೊಬ್ಬರು ಕುಳಿತು, ಸಂಸ್ಥೆಯ ಧ್ಯೇಯವನ್ನು ತಮ್ಮದೆಂದು ಭಾವಿಸುವಂತಾಗಬೇಕು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆ 1984ರಲ್ಲಿ ಅಮೆರಿಕದಲ್ಲಿ ಹೊರತಂದ ದ್ರವರೂಪದ ಟೈಡ್ ಮಾರ್ಜಕವು ಇಂಥ ಸಂಪರ್ಕದ ಶಿಶು. ತಣ್ಣೀರಿನಲ್ಲಿ ಬಟ್ಟೆ ಒಗೆಯುವ ಜಪಾನಿನ ಶಾಖೆಯಿಂದ ಕೊಳೆ ಬಿಡಿಸುವ ದ್ರವ್ಯವೂ, ಗಡಸುನೀರಿನ ತೊಂದರೆಯನ್ನು ಅರಿತ ಬ್ರಸೆಲ್ಸ್ ಪ್ರಯೋಗಾಲಯದಿಂದ ಲವಣಾಂಶವನ್ನು ಹತೋಟಿಯಲ್ಲಿಡುವ ದ್ರವ್ಯವೂ, ಮೂಲಸ್ಥಾನವಾದ ಸಿನ್ಸಿನಾಟಿಯಿಂದ ಬಿಟ್ಟ ಕೊಳೆ ಮರಳಿ ಅಂಟದಂತೆ ತಡೆಯುವ ದ್ರವ್ಯವೂ ಬಂದು ಅದರಲ್ಲಿ ಕೂಡಿದವು.

ಅಂಗಸಂಸ್ಥೆಯೊಂದು ಸ್ವಯತ್ನದಿಂದ ಮೇಲೆದ್ದ ಕಥೆಗಳಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ್ದು ವಿಸ್ತಾರವಾಗಿ ಹೇಳತಕ್ಕದ್ದು. ಆಗ ಅಮೆರಿಕದ ಡೇಟನ್ ನಗರದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿದ್ದ ಎನ್.ಸಿ.ಆರ್. ಸಂಸ್ಥೆ, ಅಂಗಡಿಗಳ ಗಲ್ಲಾಯಂತ್ರಗಳನ್ನು ತಯಾರಿಸುವ ಸಲುವಾಗಿ 1946ರಲ್ಲಿ ಅಲ್ಲಿ ಕಾರ್ಖಾನೆಯನ್ನು ಆರಂಭಿಸಿತು. ಹಲ್ಲುಗಾಲಿಗಳ ಯಂತ್ರಕ್ಕೆ ಇಲೆಕ್ಟ್ರಾನಿಕ್ ಯಂತ್ರ ಬದಲಾಗಿ ಬಂದ ಎಪ್ಪತ್ತರ ದಶಕದಲ್ಲಿ, ಆರು ಸಾವಿರಕ್ಕೂ ಮಿಕ್ಕಿದ್ದ ಅಲ್ಲಿಯ ಕೆಲಸಗಾರರ ಸಂಖ್ಯೆ ಸಾವಿರದೊಳಕ್ಕೆ ಇಳಿದು, ಕಾರ್ಖಾನೆಗೆ ಬೀಗಮುದ್ರೆ ಬೀಳುವ ದಿನ ಸಮೀಪಿಸಿದಂತೆ ತೋರಿತು. 1980ರಲ್ಲಿ ಅಧಿಕಾರ ವಹಿಸಿಕೊಂಡ ಜಿಮ್ ಆಡಮ್ಸನ್ನನ ಕೈಗೆ ಬಂದದ್ದು ಕುಗ್ಗಿದ ಕಾರ್ಖಾನೆ ಮತ್ತು ಬ್ರಿಟನ್ನಿನ ದೊಡ್ಡ ಬ್ಯಾಂಕುಗಳು ದೋಷಗಳಿಗಾಗಿ ದೂರುತ್ತಿದ್ದ ಒಂದು ಹಣಪಾವತಿ ಯಂತ್ರ, ಅರ್ಥಾತ್ ಇಂದಿನ ಎ.ಟಿ.ಎಂ. ಆತ ಮೊದಲು ಕೈಹಾಕಿದ್ದು ಹೊಸ ಕಲ್ಪನೆಗಳಿಗಲ್ಲ, ಹಳೆಯ ಯಂತ್ರದ ಗುಣಮಟ್ಟಕ್ಕೆ. ಕೆಟ್ಟ ಯಂತ್ರವನ್ನು ಸರಿಪಡಿಸುವ ನೆವದಲ್ಲಿ ಎಂಜಿನಿಯರುಗಳು ಗ್ರಾಹಕರ ಬಾಗಿಲಿಗೆ ಹೋದರು. ಬ್ಯಾಂಕಿನವರಿಗೆ ನಿಜವಾಗಿ ಬೇಕಾದುದೇನೆಂಬುದು ಡೇಟನ್ನಿನಲ್ಲಿದ್ದವರಿಗಿಂತ ಇವರಿಗೆ ಚೆನ್ನಾಗಿ ತಿಳಿದುಬಂತು. ಯಂತ್ರದ ವಿನ್ಯಾಸದ ಹಕ್ಕು ಅಮೆರಿಕದ ಕಡೆಗೇ ಇದ್ದಾಗ್ಯೂ ಡಂಡೀಯವರು ಮುಂದಿನ ಪೀಳಿಗೆಯ ಯಂತ್ರವನ್ನು ತಾವೇ ರೂಪಿಸತೊಡಗಿದರು. ಪೇಟೆಯಲ್ಲಿ ಅದು ಗೆದ್ದ ಬಳಿಕವೇ, ಎಂಬತ್ತರ ದಶಕದ ಮಧ್ಯಭಾಗದಲ್ಲಿ, ಆ ಪದಾರ್ಥದ ಜಾಗತಿಕ ಹೊಣೆ ಡಂಡೀಗೆ ವಿಧಿವತ್ತಾಗಿ ದೊರೆಯಿತು. ಆ ದಶಕ ಮುಗಿಯುವುದರೊಳಗೆ ಐ.ಬಿ.ಎಂ. ಮತ್ತು ಡೀಬೋಲ್ಡ್ ಸಂಸ್ಥೆಗಳನ್ನು ಹಿಂದಿಕ್ಕಿ ಅದು ಅಗ್ರಸ್ಥಾನಕ್ಕೆ ಏರಿತು. ಅಧಿಕಾರ ಮೊದಲು, ಸಾಧನೆ ಆಮೇಲೆ ಎಂಬ ಕ್ರಮ ಇಲ್ಲಿ ತಲೆಕೆಳಗಾಗಿರುವುದು ಲಕ್ಷಿಸತಕ್ಕ ಅಂಶ. ಹೀಗೆ ಬಂದ ಹೊಣೆ ಶಾಶ್ವತವಾದ ದತ್ತಿಯೂ ಅಲ್ಲ: ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಯಂತ್ರಗಳ ತಯಾರಿಕೆ ಹಂಗೆರಿಗೆ ಸಾಗಿ, ಡಂಡೀಯಲ್ಲಿ ಸಂಶೋಧನೆ ಮತ್ತು ವಿನ್ಯಾಸದ ಕಾರ್ಯ ಉಳಿಯಿತು.

ಜಪಾನಿನ ಫುಜಿ ಜೆರಾಕ್ಸ್ 1962ರಲ್ಲಿ ಬ್ರಿಟನ್ನಿನ ರ್‍ಯಾಂಕ್ ಜೆರಾಕ್ಸ್ ಮತ್ತು ಫುಜಿ ಫೋಟೊ ಫಿಲ್ಮ್ ಸಂಸ್ಥೆಗಳ ಸಮಪಾಲಿನಲ್ಲಿ ಹುಟ್ಟಿದ ಜಂಟಿ ಉದ್ಯಮವಾದ್ದರಿಂದ ಶುದ್ಧ ಅಂಗಸಂಸ್ಥೆಯಲ್ಲದಿದ್ದರೂ, ಅದರ ಅನುಭವವನ್ನು ಬಿಟ್ಟು ಈ ವಿಷಯವನ್ನು ನಿರೂಪಿಸುವಂತಿಲ್ಲ. ಅಮೆರಿಕದ ಜೆರಾಕ್ಸ್ ದೊಡ್ಡ ಕಚೇರಿಗಳ ದೊಡ್ಡ ಯಂತ್ರಗಳಲ್ಲಿ ಮಗ್ನವಾಗಿದ್ದಾಗ, ಕಿರಿದಾದ ಕೋಣೆಗಳಲ್ಲಿ ಕೆಲಸ ಮಾಡುವ ಜಪಾನೀಯರಿಗಾಗಿ ಇದು ಮಾತೃಪಕ್ಷದ ಉತ್ಸಾಹಕ್ಕೆ ಕಾಯದೆ 1973ರಲ್ಲಿ ಎಫ್.ಎಕ್ಸ್.-2200 ಎಂಬ ಪುಟ್ಟ ನಕಲುಯಂತ್ರವನ್ನು ಹೊರತಂದಿತು. ಕ್ಯಾನನ್, ರಿಕೋ ಮೊದಲಾದ ಸಂಸ್ಥೆಗಳ ಸಣ್ಣ ಯಂತ್ರಗಳು ಅಮೆರಿಕದ ಪೇಟೆಯನ್ನೇ ನುಂಗತೊಡಗಿದಾಗ, ಆ ಸ್ಪರ್ಧಿಗಳನ್ನು ತವರಿನಲ್ಲಿಯೇ ಎದುರಿಸಿ ಅನುಭವಿಯಾಗಿದ್ದ ಶಾಖೆಯ ಯಂತ್ರಗಳೂ, 1980ರಲ್ಲಿ ಅದಕ್ಕೆ ಡೆಮಿಂಗ್ ಪ್ರಶಸ್ತಿಯನ್ನು ತಂದ ಗುಣಮಟ್ಟದ ಶಿಸ್ತೂ ಮಾತೃಸಂಸ್ಥೆಗೆ ಊರುಗೋಲಾದವು.

ಮೇಲಿನವೆಲ್ಲ ಪೇಟೆಯ ಒತ್ತಡದಿಂದ ಹುಟ್ಟಿದವು. ಪೇಟೆಯ ಸೋಂಕಿಲ್ಲದ, ಶುದ್ಧ ವಿಜ್ಞಾನದ ಪ್ರಸಂಗವೂ ಒಂದುಂಟು. ಐ.ಬಿ.ಎಂ. 1956ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿ ತೆರೆದ ಪ್ರಯೋಗಾಲಯ, ಆ ಸಂಸ್ಥೆಯ ಅಮೆರಿಕದ ಪ್ರಯೋಗಾಲಯಗಳೊಡನೆ ಹೋಲಿಸಿದರೆ ಚಿಕ್ಕದು. ಅಲ್ಲಿಯ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಖ್ ರೋರರ್ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಬಲ್ಲ ಸೂಕ್ಷ್ಮದರ್ಶಕವನ್ನು ನಿರ್ಮಿಸಿ 1986ರಲ್ಲಿಯೂ, ಗೆಯೋರ್ಗ್ ಬೆಡ್ನೋರ್ಟ್ಸ್ ಮತ್ತು ಅಲೆಕ್ಸ್ ಮ್ಯೂಲರ್ ಪಿಂಗಾಣಿಯಂಥ ಆಕ್ಸೈಡುಗಳಲ್ಲಿ ಅತಿವಾಹಕತೆಯನ್ನು ಕಂಡು 1987ರಲ್ಲಿಯೂ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಮ್ಯೂಲರ್ ಐ.ಬಿ.ಎಂ.ನ ‘ಫೆಲೊ’ ಎಂಬ ಪದವಿಯಲ್ಲಿದ್ದ ಕಾರಣ ತನ್ನ ಸಂಶೋಧನೆಯ ವಿಷಯವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿತ್ತು. ಫಲ ಕಾಣಿಸುವವರೆಗೆ ಲೆಕ್ಕ ಕೇಳುವವರೂ ಇರಲಿಲ್ಲ.

ಇಷ್ಟಾದರೂ ಅಂಗಸಂಸ್ಥೆಯ ಹೊಸ ಕಲ್ಪನೆಗಳಲ್ಲಿ ಬಹುಪಾಲು ಪ್ರಧಾನ ಕಚೇರಿಯ ಹೊಸ್ತಿಲಲ್ಲಿಯೇ ಪ್ರಾಣ ಬಿಡುತ್ತವೆ. ಕೆನಡಾದಲ್ಲಿರುವ ಅಮೆರಿಕನ್ ಶಾಖೆಗಳನ್ನು ಅಭ್ಯಸಿಸಿದ ಜೂಲಿಯನ್ ಬರ್ಕಿನ್‌ಶಾ, ತೊಂಬತ್ತರ ದಶಕದ ತನ್ನ ಬರಹಗಳಲ್ಲಿ, ಹೊರಗಿನ ಕಣವನ್ನು ಕಂಡೊಡನೆ ಮುತ್ತಿಗೆ ಹಾಕುವ ರೋಗನಿರೋಧಕ ವ್ಯವಸ್ಥೆಯೊಂದು ಸಂಸ್ಥೆಗಳಲ್ಲಿಯೂ ಇದೆಯೆಂದು ವರ್ಣಿಸಿದನು. ಅದಕ್ಕೆ ದುರುದ್ದೇಶ ಬೇಕಾಗಿಲ್ಲ. ಕೇಂದ್ರದ ವಿಭಾಗಾಧಿಕಾರಿಗೆ ತನ್ನ ಯೋಜನೆಯೇ ಮುಖ್ಯ. ದೂರದ ಶಾಖೆಯವರ ಮುಖಪರಿಚಯ ಅವನಿಗಿಲ್ಲ. ಅವರು ಕೇಳುವ ಹಣ ಅವನ ಆಯವ್ಯಯದಿಂದ ಕಡಿತವಾಗತಕ್ಕದ್ದು. ಹೊಸತು ಸೋತರೆ ದೂರು ಬರುವುದು, ಗೆದ್ದರೆ ಕೀರ್ತಿ ಇನ್ನೊಬ್ಬರಿಗೆ ಹೋಗುವುದು. ಹೀಗಿರುವಾಗ ‘ಮುಂದಿನ ವರ್ಷ ನೋಡೋಣ’ ಎನ್ನುವುದಕ್ಕಿಂತ ಸುಲಭವಾದ ಉತ್ತರ ಯಾವುದಿದೆ? ಇದನ್ನು ಗೆದ್ದ ಶಾಖಾಧಿಕಾರಿಗಳು ಸಾಮಾನ್ಯವಾಗಿ ಅನುಸರಿಸಿದ ಮಾರ್ಗವೆಂದರೆ, ಸಣ್ಣ ಮೊತ್ತದಲ್ಲಿ, ಸ್ಥಳೀಯ ಲಾಭದ ಒಂದಂಶದಿಂದ ಕಾರ್ಯವನ್ನು ಆರಂಭಿಸಿ, ಒಬ್ಬ ಗ್ರಾಹಕನಾದರೂ ದುಡ್ಡು ಕೊಟ್ಟು ಕೊಂಡ ಪ್ರಮಾಣವನ್ನು ಹಿಡಿದು, ಕೇಂದ್ರದಲ್ಲಿ ತಮ್ಮ ಪರವಾಗಿ ಮಾತನಾಡಬಲ್ಲ ಹಿರಿಯನೊಬ್ಬನನ್ನು ಮೊದಲೇ ಒಲಿಸಿಕೊಂಡ ಮೇಲೆ ಅನುಮತಿಯನ್ನು ಕೇಳುವುದು. ಸರಕಾರಗಳೂ ಈ ವಿಷಯದಲ್ಲಿ ಕೈಹಾಕಿದ್ದುಂಟು. ಕೆನಡಾದ ವಿಜ್ಞಾನ ಮಂಡಳಿ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಯಾವುದಾದರೊಂದು ಪದಾರ್ಥದ ವಿನ್ಯಾಸದಿಂದ ರಫ್ತಿನವರೆಗಿನ ಪೂರ್ಣಾಧಿಕಾರವನ್ನು ಅಲ್ಲಿಯ ಶಾಖೆಗೆ ಕೊಡಬೇಕೆಂಬ ವಾದವನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಈ ನಾವೀನ್ಯಕ್ಕೆ ಪ್ರೇರಕವಾದುದು ಬಹುಕಾಲ ನಿರ್ಬಂಧವೇ. ಯೂನಿಲಿವರ್ ಸಂಸ್ಥೆಯ ಹಿಂದೂಸ್ತಾನ್ ಲಿವರ್ 1958ರಲ್ಲಿ ಮುಂಬಯಿಯಲ್ಲಿ ಸಂಶೋಧನಾ ವಿಭಾಗವನ್ನು ತೆರೆದಾಗ ದೇಶದಲ್ಲಿ ವಿದೇಶೀ ವಿನಿಮಯದ ಅಭಾವವಿತ್ತು. ಆಮದು ಕೊಬ್ಬನ್ನೂ ತಿನ್ನುವ ಎಣ್ಣೆಯನ್ನೂ ಸಾಬೂನಿಗೆ ಧಾರಾಳವಾಗಿ ಸುರಿಯುವಂತಿಲ್ಲದ ಆ ಕಾಲದಲ್ಲಿ, ಬೇವು, ಸಾಲವೃಕ್ಷ ಮೊದಲಾದವುಗಳ ಬೀಜದ ಎಣ್ಣೆಯಿಂದ ಒಳ್ಳೆಯ ಸಾಬೂನನ್ನು ಮಾಡುವ ವಿದ್ಯೆಯನ್ನು ಅಲ್ಲಿಯ ರಸಾಯನಜ್ಞರು ಸಿದ್ಧಿಸಿಕೊಂಡರು. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆ ಹೊರಗಿನವರ ಷೇರುಪಾಲನ್ನು ಸಾಮಾನ್ಯವಾಗಿ ಶೇಕಡ 40ಕ್ಕೆ ಮಿತಿಗೊಳಿಸಿದಾಗ ಕೋಕಾಕೋಲಾ ಮತ್ತು ಐ.ಬಿ.ಎಂ. ದೇಶವನ್ನು ಬಿಟ್ಟು ಹೋದವು. ಲಿವರ್ ಉಳಿದು, ಉನ್ನತ ತಂತ್ರಜ್ಞಾನ ಮತ್ತು ರಫ್ತುಗಳ ಬಲದಿಂದ ಶೇಕಡ 51ರಷ್ಟು ಪಾಲನ್ನು ಯೂನಿಲಿವರಿಗೆ ಉಳಿಸಿಕೊಟ್ಟಿತು. ಬಳಿಕ ಗುಜರಾತಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ ಪುಡಿ ಅಗ್ಗದ ಬೆಲೆಯಿಂದ ಪೇಟೆಯನ್ನು ಆವರಿಸಿದಾಗ, ಮೇಲಂತಸ್ತಿನ ಸರ್ಫ್ ಒಂದನ್ನೇ ನೆಚ್ಚಿ ಕುಳಿತಿದ್ದ ಸಂಸ್ಥೆ ತನ್ನ ತಯಾರಿಕೆ, ಬೆಲೆ, ವಿತರಣೆಗಳೆಲ್ಲವನ್ನೂ ಬುಡದಿಂದ ಬದಲಿಸಿ ವ್ಹೀಲ್ ಎಂಬ ಮಾರ್ಜಕವನ್ನು ತಂದಿತು. ಬಡ ಗ್ರಾಹಕನನ್ನು ಗೌರವದಿಂದ ಕಾಣುವ ಪಾಠ ಯೂನಿಲಿವರಿಗೆ ದೊರೆತದ್ದು ಲಂಡನ್ನಿನಲ್ಲಲ್ಲ. ಕೊಳಾಯಿಯೂ ವಿದ್ಯುತ್ತೂ ಇಲ್ಲದ ಮನೆಯಲ್ಲಿ ನೀರನ್ನು ಶುದ್ಧಿಗೊಳಿಸುವ ಪ್ಯೂರಿಟ್ ಸಾಧನವೂ ಇದೇ ಶಾಖೆಯ ಕೂಸು; ಹಲವು ದೇಶಗಳಿಗೆ ಹೋದ ಅದನ್ನು ಸಂಸ್ಥೆ 2024ರಲ್ಲಿ ಅನ್ಯರಿಗೆ ಮಾರಿತು.

ಬೆಂಗಳೂರಿನ ಸಂಬಂಧ ಬೇರೆ ಬಗೆಯದು. ಜರ್ಮನಿಯ ಬಾಷ್ ಸಂಸ್ಥೆಯ ಪಾಲುದಾರಿಕೆಯಲ್ಲಿ 1951ರಲ್ಲಿ ಮೊದಲಾದ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಎರಡು ಮೂರು ತಲೆಮಾರುಗಳ ಕುಶಲಕರ್ಮಿಗಳನ್ನು ಬೆಳೆಸಿತು. ಆದರೆ ನಗರವನ್ನು ವಿದೇಶೀ ಸಂಶೋಧನೆಯ ಬೀಡನ್ನಾಗಿಸಿದ್ದು 1985ರಲ್ಲಿ ಇಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಅದರ ಉಪಗ್ರಹ ಸಂಪರ್ಕದ ಸಾಧನವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಸಂಗತಿ ಊರಿನ ದಂತಕಥೆಗಳಲ್ಲಿ ಸೇರಿಹೋಗಿದೆ. ಸಂಸ್ಥೆ ಇಲ್ಲಿಗೇ ಬರಲು ಕಾರಣ ಹವೆಯ ಹಿತವೊಂದೇ ಅಲ್ಲ: ಟಾಟಾ ವಿಜ್ಞಾನ ಮಂದಿರವೆಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ, ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಲ್., ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಬಾಹ್ಯಾಕಾಶ ಇಲಾಖೆ ಇವೆಲ್ಲ ಸಾರ್ವಜನಿಕರ ಹಣದಿಂದ ದಶಕಗಟ್ಟಲೆ ತಯಾರು ಮಾಡಿದ್ದ ವಿದ್ಯಾವಂತರ ಸಮುದಾಯ ಇಲ್ಲಿತ್ತು. ಖಾಸಗಿ ನಾವೀನ್ಯದ ಚರಿತ್ರೆಯನ್ನು ಬರೆಯುವವರು ಈ ಋಣವನ್ನು ನೆನೆಯುವುದು ಅಪೂರ್ವ.

ಅಮೆರಿಕದ ಜನರಲ್ ಇಲೆಕ್ಟ್ರಿಕ್ ತನ್ನ ಆಗಿನ ಅಧ್ಯಕ್ಷನಾದ ಜಾನ್ ವೆಲ್ಚನ ಹೆಸರಿನಲ್ಲಿ 2000ದಲ್ಲಿ ವೈಟ್‌ಫೀಲ್ಡಿನ ಬಳಿ ಸಂಶೋಧನಾ ಕೇಂದ್ರವನ್ನು ತೆರೆಯಿತು. ಆ ಸಂಸ್ಥೆಯ ಬೆಂಗಳೂರಿನ ತಂಡ ರೂಪಿಸಿದ ಮ್ಯಾಕ್-400 ಎಂಬ ಇ.ಸಿ.ಜಿ. ಯಂತ್ರ ಅಂಗಸಂಸ್ಥೆಯ ಪ್ರತಿಭೆಗೆ ಇಂದು ಪಠ್ಯಪುಸ್ತಕದ ಉದಾಹರಣೆಯಾಗಿದೆ. ಹಳ್ಳಿಯ ವೈದ್ಯನಿಗೆ ಬೇಕಾದುದು ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ, ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ, ಧೂಳಿಗೆ ಕೆಡದ, ರಿಪೇರಿಯವನನ್ನು ದಿನವೂ ಬೇಡದ ಯಂತ್ರ. ಆಸ್ಪತ್ರೆಯ ಯಂತ್ರವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಅದು ಸಿದ್ಧಿಸುತ್ತಿರಲಿಲ್ಲ. ಬಸ್ಸಿನ ಟಿಕೆಟು ಮುದ್ರಿಸುವ ಯಂತ್ರದ ಮುದ್ರಕವನ್ನೇ ಅಳವಡಿಸಿಕೊಂಡು, ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನು ಆದಷ್ಟು ಬಳಸಿ, ಬೆಲೆಯನ್ನು ಸಾವಿರ ಡಾಲರಿನ ಆಸುಪಾಸಿಗೆ ಇಳಿಸಿದರು. ಅದರಿಂದ ಬೆಳೆದ ಮ್ಯಾಕ್-800 ಅಮೆರಿಕದಲ್ಲಿಯೇ ಮಾರಾಟಕ್ಕೆ ಬಂತು. ಇದೇ ಸಂಸ್ಥೆಯ ಚೀನೀ ತಂಡ 2002ರಲ್ಲಿ ಲ್ಯಾಪ್‌ಟಾಪಿನ ಆಧಾರದ ಮೇಲೆ ನಿರ್ಮಿಸಿದ ಅಲ್ಟ್ರಾಸೌಂಡ್ ಯಂತ್ರ ಕೆಲವೇ ವರ್ಷಗಳಲ್ಲಿ 15,000 ಡಾಲರಿಗೆ ಇಳಿದು ಲೋಕವ್ಯಾಪಿಯಾಯಿತು. ಈ ಎರಡನ್ನೂ ಕುರಿತು ಸಂಸ್ಥೆಯ ಆಗಿನ ಅಧ್ಯಕ್ಷ ಜೆಫ್ರಿ ಇಮ್ಮೆಲ್ಟ್, ವಿಜಯ ಗೋವಿಂದರಾಜನ್ ಮತ್ತು ಕ್ರಿಸ್ ಟ್ರಿಂಬಲ್ ಕೂಡಿ 2009ರಲ್ಲಿ ಬರೆದ ಲೇಖನದಲ್ಲಿ, ಸ್ಥಳೀಯ ತಂಡಕ್ಕೆ ಲಾಭನಷ್ಟದ ಹೊಣೆ, ಸ್ವಂತ ವಿನ್ಯಾಸ, ಸ್ವಂತ ಮಾರಾಟ, ಕೇಂದ್ರದ ಅತ್ಯುನ್ನತ ಅಧಿಕಾರಿಯೊಬ್ಬನ ನೇರ ಆಶ್ರಯ ಇಷ್ಟನ್ನೂ ಒಟ್ಟಿಗೆ ಕೊಡಬೇಕೆಂದು ಹೇಳಿದೆ. ಇವುಗಳಲ್ಲಿ ಒಂದನ್ನು ಕೊಟ್ಟು ಉಳಿದವುಗಳನ್ನು ಹಿಡಿದಿಟ್ಟುಕೊಂಡ ಪ್ರಯೋಗಗಳು ಹೇರಳವಾಗಿವೆ.

ಬೆಂಗಳೂರಿನ ಬಹುತೇಕ ಕೇಂದ್ರಗಳ ಸ್ಥಿತಿ ಈ ಆದರ್ಶಕ್ಕೆ ದೂರ. ಕಾನೂನಿನ ದೃಷ್ಟಿಯಲ್ಲಿ ಅವು ಮಾತೃಸಂಸ್ಥೆಗೆ ಸೇವೆಯನ್ನು ಮಾರುವ ಗುತ್ತಿಗೆದಾರರು: ತಗುಲಿದ ವೆಚ್ಚದ ಮೇಲೆ ಗೊತ್ತಾದ ಶೇಕಡವಾರು ಲಾಭವನ್ನು ಸೇರಿಸಿ ಬಿಲ್ಲು ಮಾಡುತ್ತವೆ, ಪೇಟೆಂಟು ಮಾತೃಸಂಸ್ಥೆಯ ಹೆಸರಿಗೆ ಹೋಗುತ್ತದೆ. ಇದು ತೆರಿಗೆಯ ಲೆಕ್ಕಕ್ಕೆ ಅನುಕೂಲವಾದ ಏರ್ಪಾಡು. ಆದರೆ ವೆಚ್ಚವೇ ಆದಾಯದ ಅಳತೆಯಾದಾಗ ಕೇಂದ್ರದ ಮುಖ್ಯಸ್ಥನ ಪ್ರತಿಷ್ಠೆ ತಲೆಗಳ ಎಣಿಕೆಯಿಂದ ನಿರ್ಧಾರವಾಗುತ್ತದೆ, ಪದಾರ್ಥ ಪೇಟೆಯಲ್ಲಿ ಗೆದ್ದಿತೋ ಸೋತಿತೋ ಎಂಬುದರಿಂದಲ್ಲ. ಹೊಲವನ್ನು ಚೆನ್ನಾಗಿ ಬಲ್ಲ, ಆದರೆ ಯಾವ ಬೆಳೆ ಇಡಬೇಕೆಂದು ತಾನು ಹೇಳಲಾರದ ಗೇಣಿದಾರನಂತೆ, ಇಲ್ಲಿಯ ಎಂಜಿನಿಯರು ಯಂತ್ರದ ಒಂದು ಭಾಗವನ್ನು ಜಗತ್ತಿನಲ್ಲಿ ಯಾರಿಗಿಂತಲೂ ಚೆನ್ನಾಗಿ ತಿಳಿದಿದ್ದೂ ಅದನ್ನು ಕೊಳ್ಳುವ ಗ್ರಾಹಕನ ಮುಖವನ್ನು ಕಾಣದೆ ವರ್ಷಗಳನ್ನು ಕಳೆಯುತ್ತಾನೆ. ಮೂರು ವಿಭಾಗಗಳ ಕೆಲಸ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದರೂ, ಪ್ರತಿಯೊಂದು ತಂಡವೂ ಸಾಗರದಾಚೆಯ ತನ್ನ ಯಜಮಾನನಿಗೆ ವರದಿ ಒಪ್ಪಿಸುವುದರಿಂದ, ಪಕ್ಕದ ಮೇಜಿನವರೊಡನೆ ಕೂಡಿ ಹೊಸದೊಂದನ್ನು ಕಟ್ಟಲು ಯಾರ ಆಯವ್ಯಯದಲ್ಲಿಯೂ ಹಣವಿರುವುದಿಲ್ಲ. ವರ್ಷಕ್ಕೊಮ್ಮೆ ನಡೆಸುವ ಹ್ಯಾಕಥಾನುಗಳು ಈ ಕೊರತೆಯನ್ನು ತುಂಬಲಾರವು. ಅಲ್ಲಿ ಬಹುಮಾನ ಪಡೆದ ಕಲ್ಪನೆಗೆ ಮರುದಿನ ಬೆಳಿಗ್ಗೆ ಒಡೆಯನಿಲ್ಲ.

ಬದಲಾವಣೆಯ ಲಕ್ಷಣಗಳು ಇಲ್ಲದಿಲ್ಲ. ಈಚೆಗೆ ಜಿ.ಸಿ.ಸಿ. ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಇಂಥ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700ನ್ನು ಮೀರಿದ್ದು, ಅವುಗಳ ದೊಡ್ಡ ಪಾಲು ಬೆಂಗಳೂರಿನಲ್ಲಿದೆ. ಒಂದು ಪದಾರ್ಥದ ಜಾಗತಿಕ ಹೊಣೆಯನ್ನು ಹೊತ್ತ ಅಧಿಕಾರಿ ಇಲ್ಲಿಯೇ ಕುಳಿತಿರುವ ದೃಷ್ಟಾಂತಗಳು ಹೆಚ್ಚುತ್ತಿವೆ. ಹಲವು ವರ್ಷ ಹೊರದೇಶದ ಮೂಲಸ್ಥಾನದಲ್ಲಿ ದುಡಿದು ಮರಳಿದವರು ಅಲ್ಲಿಯ ಗೆಳೆತನಗಳನ್ನೂ ಹೊತ್ತು ತರುವುದರಿಂದ, ಅವರ ದೂರವಾಣಿ ಕರೆಗೆ ಪ್ರಧಾನ ಕಚೇರಿಯಲ್ಲಿ ಉತ್ತರ ದೊರೆಯುತ್ತದೆ. ಕರ್ನಾಟಕ ಸರಕಾರ 2024ರ ನವೆಂಬರಿನಲ್ಲಿ ಈ ಕೇಂದ್ರಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿ, 2029ರೊಳಗೆ ಇನ್ನೂ 500 ಕೇಂದ್ರಗಳನ್ನು ರಾಜ್ಯಕ್ಕೆ ತರುವ ಗುರಿಯನ್ನು ಸಾರಿದೆ. ಕೇಂದ್ರಗಳ ಸಂಖ್ಯೆಯನ್ನು ಎಣಿಸುವುದು ಸರಕಾರಕ್ಕೆ ಸುಲಭ. ಅವುಗಳಲ್ಲಿ ಎಷ್ಟು ತಮ್ಮ ಪದಾರ್ಥದ ಬೆಲೆಯನ್ನೂ ವಿನ್ಯಾಸವನ್ನೂ ತಾವೇ ನಿಶ್ಚಯಿಸುತ್ತವೆ ಎಂಬ ಲೆಕ್ಕ ಆಯಾ ಸಂಸ್ಥೆಯ ಒಳಗಿನ ಕಡತಗಳಲ್ಲಿ ಮಾತ್ರ ಇರುತ್ತದೆ.